ಕನ್ನಡ ಇ-ಮೇಲ್ ಸ್ಪ್ಯಾಮ್ ಆಗದಂತೆ: ಡೆಬಿಯನ್‌ನಲ್ಲಿ ಸ್ಪ್ಯಾಮ್‌ಅಸಾಸಿನ್ ನಿರ್ವಹಣೆ

ಸದಸ್ಯರ ಮಾಹಿತಿಗಾಗಿ

ರಾಯದುರ್ಗ, ಮಡಕಶಿರ ಕಡೆಯವರ ಇ-ಮೇಲ್ ಪೆಟ್ಟಿಗೆಯಲ್ಲಿ ಮೂರು ಭಾಷೆಗಳಿರುತ್ತವೆ. ಸಂಘದ ಪ್ರಕಟಣೆ ಕನ್ನಡದಲ್ಲಿ, ಸರ್ಕಾರಿ ಕಚೇರಿಯ ಪತ್ರ ತೆಲುಗಿನಲ್ಲಿ, ಬ್ಯಾಂಕು ಮತ್ತು ಕಾಲೇಜಿನ ಪತ್ರ ಇಂಗ್ಲಿಷಿನಲ್ಲಿ ಬರುತ್ತದೆ. ರಾಯದುರ್ಗ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಂದಿನಿಂದ ಕಾಗದಪತ್ರಗಳಲ್ಲಿ ಇದ್ದ ಈ ಬೆರಕೆ ಈಗ ಇ-ಮೇಲ್‌ಗೂ ಬಂದಿದೆ. ಆದರೆ ಸ್ಪ್ಯಾಮ್ ತಡೆಯುವ ತಂತ್ರಾಂಶಗಳು ಹೆಚ್ಚಾಗಿ ಇಂಗ್ಲಿಷ್ ಪತ್ರಗಳನ್ನು ನೋಡಿ ಬೆಳೆದವು. ಸರಿಯಾಗಿ ನೋಡಿಕೊಳ್ಳದಿದ್ದರೆ ಕನ್ನಡ ಮಾಧ್ಯಮ ಶಾಲೆಯ ಪರೀಕ್ಷಾ ಸೂಚನೆಯೋ ಪ್ರವೇಶದ ಕೊನೆಯ ದಿನಾಂಕವೋ ಯಾರೂ ತೆರೆಯದ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಉಳಿದುಬಿಡಬಹುದು. ಸ್ವಂತ ಮೇಲ್ ಸರ್ವರ್ ನಡೆಸುವ ಶಾಲೆ, ಸಂಘ, ಸಣ್ಣ ಕಚೇರಿಗಳವರಿಗೆ ಈ ಬರಹ ನೆರವಾಗಲಿ.

ಇದು ಕೆಲಸ ಮಾಡುವ ಬಗೆ

ಸ್ಪ್ಯಾಮ್‌ಅಸಾಸಿನ್ ಮುಕ್ತ ತಂತ್ರಾಂಶ. ಜಸ್ಟಿನ್ ಮೇಸನ್ ಅವರು 2001ರಲ್ಲಿ ಇದನ್ನು ಹೊರತಂದರು. ಈಗ ಅಪಾಚೆ ಪ್ರತಿಷ್ಠಾನದ ಯೋಜನೆಯಾಗಿದೆ. ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಇದು ಸಿದ್ಧ ಪ್ಯಾಕೇಜ್ ರೂಪದಲ್ಲಿ ಸಿಗುತ್ತದೆ. ಪ್ರತಿ ಪತ್ರವನ್ನೂ ನೂರಾರು ನಿಯಮಗಳಿಗೆ ಒರೆಹಚ್ಚಿ ಅಂಕ ಕೊಡುತ್ತದೆ. ಒಟ್ಟು 5 ಅಂಕ ಮುಟ್ಟಿದರೆ ಸ್ಪ್ಯಾಮ್ ಎಂದು ಗುರುತು ಹಾಕುತ್ತದೆ. ತಾನಾಗಿ ಪತ್ರವನ್ನು ಅಳಿಸುವುದಿಲ್ಲ. ಮುಂದೇನು ಮಾಡಬೇಕೆಂಬುದು ಮೇಲ್ ಸರ್ವರ್‌ಗೆ ನಾವು ಹೇಳಿದಂತೆ. ಗುರುತಾದ ಪತ್ರವನ್ನು ಬೇರೆ ಪೆಟ್ಟಿಗೆಗೆ ಹಾಕಿಸುವುದು ಲೇಸು. ನೇರವಾಗಿ ಅಳಿಸಿದರೆ ತಪ್ಪಾಗಿ ಹೋದದ್ದು ಮತ್ತೆ ಸಿಗದು.

ಪ್ಯಾಕೇಜ್ ಬೇರೆ, ನಿಯಮ ಬೇರೆ

ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ತಂತ್ರಾಂಶ ಹೆಚ್ಚು ಬದಲಾಗುವುದಿಲ್ಲ, ಆದರೆ ಸ್ಪ್ಯಾಮ್ ದಿನವೂ ಬದಲಾಗುತ್ತದೆ. ಆದ್ದರಿಂದ ನಿಯಮಗಳು ಎಸ್‌ಎ-ಅಪ್‌ಡೇಟ್ ಎಂಬ ಪ್ರತ್ಯೇಕ ದಾರಿಯಲ್ಲಿ ಬರುತ್ತವೆ. ಪ್ಯಾಕೇಜ್ ಹಾಕಿ ಇದನ್ನು ಮರೆತವರಿಗೆ 2010ರ ಜನವರಿ 1 ಪಾಠ ಕಲಿಸಿತು. ಪತ್ರದ ದಿನಾಂಕ ‘ತೀರಾ ಮುಂದಿನ ಕಾಲದ್ದು’ ಎಂದು ಹಿಡಿಯುವ ನಿಯಮವೊಂದು 2010ನೇ ಇಸವಿಯನ್ನೇ ಮುಂದಿನ ಕಾಲವೆಂದು ಬಗೆದು, ಅಂದಿನಿಂದ ಬಂದ ಒಳ್ಳೆಯ ಪತ್ರಗಳಿಗೂ ಹೆಚ್ಚಿನ ಸರ್ವರ್‌ಗಳಲ್ಲಿ ಮೂರಕ್ಕೂ ಹೆಚ್ಚು ಅಂಕ ಹಾಕಿತು. ತಿದ್ದಿದ ನಿಯಮ ಅದೇ ದಿನ ಬಂತು. ಎಸ್‌ಎ-ಅಪ್‌ಡೇಟ್ ಓಡಿಸಿದವರು ಪಾರಾದರು.

ಪ್ಯಾಕೇಜನ್ನು ತೀರಾ ಹಳೆಯದಾಗಿ ಬಿಟ್ಟರೂ ತೊಂದರೆ. 2020ರ ಮಾರ್ಚ್ 1ರಿಂದ 3.4.2ಕ್ಕಿಂತ ಹಳೆಯ ಆವೃತ್ತಿಗಳಿಗೆ ಹೊಸ ನಿಯಮ ಬರುವುದು ನಿಂತಿತು. 2022ರ ಡಿಸೆಂಬರ್‌ನಲ್ಲಿ ಬಂದ 4.0.0 ಆವೃತ್ತಿಯಲ್ಲಿ ಇಂಗ್ಲಿಷೇತರ ಭಾಷೆಗಳ ಪಠ್ಯವನ್ನು ಓದುವ ಬಗೆ ಬಹಳ ಸುಧಾರಿಸಿದೆ. ಕನ್ನಡಿಗರಿಗೆ ಇದೊಂದೇ ಕಾರಣ ಸಾಕು, 2023ರ ಡೆಬಿಯನ್ 12 ಅಥವಾ ಅದಕ್ಕಿಂತ ಹೊಸದಕ್ಕೆ ಹೋಗಲು. ಅಲ್ಲಿ ಸ್ಪ್ಯಾಮ್‌ಡಿ ಎಂಬ ಸೇವೆ ಪ್ರತ್ಯೇಕ ಪ್ಯಾಕೇಜ್ ಆಗಿದೆ. ಮೇಲ್ದರ್ಜೆಗೇರಿಸಿದ ಮೇಲೆ ಅದು ಓಡುತ್ತಿದೆಯೇ, ನಿಯಮ ತರುವ ದೈನಂದಿನ ಟೈಮರ್ ಚಾಲೂ ಇದೆಯೇ ನೋಡಿ.

ನಿಮ್ಮ ಸ್ವಂತ ಹೊಂದಿಕೆಗಳನ್ನು ಇಟಿಸಿ ಕೋಶದಲ್ಲಿರುವ ಸ್ಪ್ಯಾಮ್‌ಅಸಾಸಿನ್ ಕೋಶದಲ್ಲಿ ಬೇರೆಯೇ ಕಡತವಾಗಿ ಬರೆದಿಡಿ. ಪ್ಯಾಕೇಜಿನ ಮೂಲ ನಿಯಮ ಕಡತಗಳನ್ನು ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತವೆ. ಬದಲಾವಣೆ ಮಾಡಿದಾಗಲೆಲ್ಲ ಲಿಂಟ್ ಪರೀಕ್ಷೆ ನಡೆಸಿ, ತಪ್ಪಿಲ್ಲವೆಂದು ಕಂಡ ಮೇಲೆ ಸೇವೆಯನ್ನು ಮರುಚಾಲನೆ ಮಾಡಿ.

ಕನ್ನಡಕ್ಕಾಗಿ ನೋಡಬೇಕಾದವು

ಭಾಷೆ ಗುರುತಿಸುವ ಟೆಕ್ಸ್ಟ್‌ಕ್ಯಾಟ್ ಎಂಬ ಜೋಡಣೆ ಮೊದಲಿಗೆ ಚಾಲೂ ಇರುವುದಿಲ್ಲ. ಹಾಗೇ ಬಿಡಿ. ಅದರ ಕೈಪಿಡಿಯ ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು, ಸಂಸ್ಕೃತ ಇವೆ. ಕನ್ನಡ, ತೆಲುಗು ಇಲ್ಲ. ‘ಕೆಎ’ ಎಂಬ ಸಂಕೇತ ಕಂಡು ಕನ್ನಡವೆಂದು ಬರೆದುಬಿಡಬೇಡಿ. ನಮ್ಮ ವಾಹನ ಫಲಕದಲ್ಲಿ ಅದು ಕರ್ನಾಟಕ, ಆ ಪಟ್ಟಿಯಲ್ಲಿ ಜಾರ್ಜಿಯನ್ ಭಾಷೆ!

ಕಳುಹಿಸುವವರು ಯೂನಿಕೋಡ್‌ನಲ್ಲೇ ಬರೆಯಲಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ್ದು ಕಣ್ಣಿಗೆ ಕನ್ನಡವಾದರೂ ಒಳಗೆ ರೋಮನ್ ಲಿಪಿಯ ಚಿಹ್ನೆಗಳ ಗೋಜಲು. ಆ ಫಾಂಟ್ ಇಲ್ಲದ ಓದುಗರಿಗೂ ಸೋಸುವ ಸರ್ವರ್‌ಗೂ ಅದು ಅರ್ಥವಿಲ್ಲದ ಪಠ್ಯವೇ.

ಕಲಿಸುವ ಕೆಲಸ

ಸ್ಪ್ಯಾಮ್‌ಅಸಾಸಿನ್‌ಗೆ ಕನ್ನಡ ಕಲಿಸುವ ದಾರಿ ಬೇಯ್ಸ್ ವಿಧಾನ. ಎಸ್‌ಎ-ಲರ್ನ್ ಮೂಲಕ ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಪತ್ರಗಳನ್ನು ಕೊಟ್ಟ ಮೇಲಷ್ಟೇ ಇದು ಅಂಕ ಹಾಕಲು ತೊಡಗುತ್ತದೆ. ಇಲ್ಲಿ ಎರಡು ಎಚ್ಚರ ಬೇಕು.

ಒಂದು, ಭಾಷೆಯ ಸಮತೋಲ. ಒಳ್ಳೆಯದೆಲ್ಲ ಕನ್ನಡ, ಸ್ಪ್ಯಾಮೆಲ್ಲ ಇಂಗ್ಲಿಷ್ ಎಂದು ಕಲಿಸಿದರೆ ಬ್ಯಾಂಕಿನ ಇಂಗ್ಲಿಷ್ ಪತ್ರ ಸಿಕ್ಕಿಬೀಳಬಹುದು, ಕನ್ನಡದಲ್ಲಿ ಬರೆದ ಸಾಲ, ಲಾಟರಿಯ ಮೋಸದ ಪತ್ರ ನುಸುಳಬಹುದು. ಮೂರೂ ಭಾಷೆಯ ಒಳ್ಳೆಯ ಪತ್ರಗಳನ್ನೂ ಸಿಕ್ಕ ಭಾಷೆಗಳ ಸ್ಪ್ಯಾಮನ್ನೂ ಕೊಡಿ. ಸದಸ್ಯರ ಪತ್ರಗಳನ್ನು ಬಳಸುವ ಮುನ್ನ ಅವರ ಒಪ್ಪಿಗೆ ಕೇಳಿ.

ಎರಡು, ಬಳಕೆದಾರರ ಖಾತೆ. ರೂಟ್ ಖಾತೆಯಲ್ಲಿ ಕಲಿಸಿ, ಪತ್ರಗಳನ್ನು ಬೇರೆ ಖಾತೆಯಲ್ಲಿ ಪರೀಕ್ಷಿಸಿದರೆ ಕಲಿತದ್ದು ಬೇರೆ ಕಡತದಲ್ಲಿ ಉಳಿದು ಉಪಯೋಗಕ್ಕೆ ಬರುವುದಿಲ್ಲ. ಪರೀಕ್ಷಿಸುವ ಖಾತೆಯಲ್ಲೇ ಕಲಿಸಿ, ಲೆಕ್ಕ ಏರಿದೆಯೇ ನೋಡಿ.

ಹೆಸರು ಪಟ್ಟಿಗಳು

ಸ್ಪ್ಯಾಮ್ ಕಳುಹಿಸುವ ವಿಳಾಸಗಳ ಪಟ್ಟಿಯನ್ನು ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಡಿಎನ್‌ಎಸ್ ಮೂಲಕ ಒದಗಿಸುತ್ತವೆ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಬಳಸಿ ಕೇಳಿದರೆ ಅವು ಸರಿಯಾದ ಉತ್ತರ ಕೊಡುವುದಿಲ್ಲ. ಅದೇ ಸರ್ವರ್‌ನಲ್ಲಿ ಅನ್‌ಬೌಂಡ್ ಪ್ಯಾಕೇಜ್ ಹಾಕಿ, ಪ್ರಶ್ನೆಗಳು ನೇರ ಹೋಗುವಂತೆ ಮಾಡಿ.

ನಂಬಿಕೆಯ ಕಚೇರಿಗಳನ್ನು ಸ್ವಾಗತ ಪಟ್ಟಿಗೆ ಸೇರಿಸುವಾಗ ಎಸ್‌ಪಿಎಫ್ ಅಥವಾ ಡಿಕಿಮ್ ತಾಳೆಯಾದರೆ ಮಾತ್ರ ಒಪ್ಪುವ ಆಯ್ಕೆಯನ್ನೇ ಬಳಸಿ. ಇಲ್ಲವಾದರೆ ಆ ವಿಳಾಸದ ಸೋಗು ಹಾಕಿ ಯಾರು ಬೇಕಾದರೂ ನುಗ್ಗಬಹುದು. 2022ರ ಏಪ್ರಿಲ್‌ನಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಇದೆ. ಮಡಕಶಿರದವರು ಪಟ್ಟಿಯಲ್ಲಿ ಹಳೆಯ ಜಿಲ್ಲಾ ಕಚೇರಿಗಳ ವಿಳಾಸವಷ್ಟೇ ಇದೆಯೇ ಎಂದು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ತಿಂಗಳ ಕೆಲಸ

• ಡೆಬಿಯನ್‌ನ ಭದ್ರತಾ ಅಪ್‌ಡೇಟ್‌ಗಳನ್ನು ಹಾಕಿ.
• ನಿಯಮಗಳು ಕೊನೆಯ ಬಾರಿ ಬಂದ ದಿನಾಂಕ ನೋಡಿ.
• ಸ್ಪ್ಯಾಮ್ ಪೆಟ್ಟಿಗೆ ತೆರೆದು, ತಪ್ಪಾಗಿ ಬಿದ್ದ ಕನ್ನಡ, ತೆಲುಗು ಪತ್ರಗಳನ್ನು ಒಳ್ಳೆಯವೆಂದು ಮತ್ತೆ ಕಲಿಸಿ. ಪರೀಕ್ಷೆ, ಪ್ರವೇಶದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನೋಡಿ.
• ಬೇಯ್ಸ್ ಕಡತ ಮತ್ತು ಸ್ವಂತ ಹೊಂದಿಕೆಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ.
• ಈ ಕೆಲಸ ಬಲ್ಲವರು ಕನಿಷ್ಠ ಇಬ್ಬರಿರಲಿ. ಒಬ್ಬರು ಊರಲ್ಲಿಲ್ಲದಾಗ ಇನ್ನೊಬ್ಬರು ನೋಡಿಕೊಳ್ಳುವಂತೆ ಮಾಡಿದ ಬದಲಾವಣೆಗಳನ್ನು ದಿನಾಂಕ ಸಹಿತ ಕನ್ನಡದಲ್ಲೇ ಬರೆದಿಡಿ.