ಭೋಲಾದ ಬಿರುಗಾಳಿ ಮತ್ತು ಮತಪೆಟ್ಟಿಗೆ

1970ರ ನವೆಂಬರ್ 12ರ ರಾತ್ರಿ ಪೂರ್ವ ಪಾಕಿಸ್ತಾನದ ಭೋಲಾ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಚೀನಾದಿಂದ ಮರಳುತ್ತಿದ್ದ ಅಧ್ಯಕ್ಷ ಯಾಹ್ಯಾ ಖಾನ್ ಆ ಪ್ರದೇಶವನ್ನು ವಿಮಾನದಿಂದ ನೋಡಿ ಪಶ್ಚಿಮಕ್ಕೆ ಹೊರಟುಹೋದರು. ಪರಿಹಾರ ತಡವಾಯಿತು. ಮೌಲಾನಾ ಭಾಷಾನಿ, ಶೇಖ್ ಮುಜೀಬ್ ಇಬ್ಬರೂ ಸರ್ಕಾರವನ್ನೇ ದೂರಿದರು. ಆ ಸಿಟ್ಟು ನ್ಯಾಯವಾದದ್ದೇ.

ಡಿಸೆಂಬರ್ 7ರಂದು ಚುನಾವಣೆ ನಡೆಯಿತು. ಗಾಳಿಗೆ ಸಿಕ್ಕ ಕ್ಷೇತ್ರಗಳ ಜನ ಮಾತ್ರ ಮತ ಹಾಕಲು ಜನವರಿಯವರೆಗೆ ಕಾಯಬೇಕಾಯಿತು. ಕೊನೆಗೆ ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಅವಾಮಿ ಲೀಗ್ ಪಾಲಾದವು. 1971ರಲ್ಲಿ ದೇಶವೇ ಒಡೆಯಿತು.

ಆದರೆ ಆಳುವವರು ಬದಲಾದ ಮಾತ್ರಕ್ಕೆ ಕಡಲು ಸುಮ್ಮನಾಗುತ್ತದೆಯೇ? 1991ರಲ್ಲಿ ಬಾಂಗ್ಲಾದೇಶ ಮತ್ತೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 2007ರ 'ಸಿದ್ರ್' ಚಂಡಮಾರುತದಲ್ಲಿ ಸಾವು ಕೆಲವು ಸಾವಿರಕ್ಕೆ ಇಳಿಯಿತು. ಧ್ವನಿವರ್ಧಕ ಹಿಡಿದು ಮನೆಮನೆಗೆ ಎಚ್ಚರಿಕೆ ಮುಟ್ಟಿಸಿದ ಸ್ವಯಂಸೇವಕರು, ಎತ್ತರದ ಆಶ್ರಯ ಕಟ್ಟಡಗಳು ಇದಕ್ಕೆ ಕಾರಣ. ಈ ಕೆಲಸ ಯಾವ ಪಕ್ಷದ ಭಾಷಣದಲ್ಲೂ ದೊಡ್ಡದಾಗಿ ಕೇಳಿಸುವುದಿಲ್ಲ.