ಅಪ್‌ಡೇಟ್ ಭಯಕ್ಕೆ ಮದ್ದು ಸಿಕ್ಕಿದ್ದು

ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ಲಾಗಿನ್ ಪರದೆಯೇ ಬರಲ್ಲ. ಲಿನಕ್ಸ್ ಬಳಸೋರಿಗೆ ಇದು ಹೊಸದೇನಲ್ಲ. ಈಗ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟೈಮ್‌ಶಿಫ್ಟ್ ತೆರೆದು, ನಿನ್ನೆಯ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಒತ್ತಿದರೆ ಸಾಮಾನ್ಯವಾಗಿ ಸಿಸ್ಟಮ್ ಮೊದಲಿನ ಹಾಗೆ ಏಳುತ್ತೆ. ಈ ಅನುಕೂಲದ ಬೇರು ಹುಡುಕಿದ್ರೆ 1996ರ ಆಸ್ಟ್ರೇಲಿಯಾಕ್ಕೆ ಹೋಗಬೇಕು.

ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ತಲೆ ಕೆಡಿಸಿಕೊಂಡಿದ್ದು ನಿಧಾನದ ಲೈನ್ ಬಗ್ಗೆ. ಆ ಕಡೆ ಫೈಲಿನ ಹಳೇ ಪ್ರತಿ, ಈ ಕಡೆ ಹೊಸದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋ ಹಾಗಿಲ್ಲ. ಬದಲಾದ ಭಾಗ ಮಾತ್ರ ಕಳಿಸೋದು ಹೇಗೆ? ಹಳೇ ಫೈಲನ್ನು ತುಂಡು ಮಾಡಿ, ತುಂಡಿಗೊಂದು ಗುರುತಿನ ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಗಳನ್ನಷ್ಟೇ ಈ ಕಡೆಗೆ ಕಳಿಸೋದು. ಹೊಸ ಫೈಲಲ್ಲಿ ಅವಕ್ಕೆ ಹೊಂದದೆ ಉಳಿದದ್ದು ಮಾತ್ರ ಆ ಕಡೆಗೆ ಹೋಗುತ್ತೆ. ಅದೇ ಆರ್‌ಸಿಂಕ್. ಅವರು ಪರೀಕ್ಷೆಗೆ ಬಳಸಿದ್ದೂ ಒಂದು ಅಪ್‌ಡೇಟನ್ನೇ ನೋಡಿ: ಲಿನಕ್ಸ್ ಕರ್ನಲ್ 1.99.10 ಮತ್ತು 2.0.0. ಸುಮಾರು 24 ಎಂಬಿಯ ಸೋರ್ಸ್ ಕೋಡ್, 2441 ಫೈಲುಗಳಲ್ಲಿ ಬದಲಾಗಿದ್ದು ಬರೀ 291.

ಕಡಿಮೆ ಕಳಿಸಿದ್ರೆ ಸಾಲದು, ಕಡಿಮೆ ಜಾಗದಲ್ಲಿ ಇಡಲೂಬೇಕು. ಅದಕ್ಕೆ ಒದಗಿದ್ದು ಯುನಿಕ್ಸ್ ಕಾಲದ ಹಾರ್ಡ್ ಲಿಂಕ್. ನಮ್ಮೂರಲ್ಲಿ ಪಹಣಿಯಲ್ಲೊಂದು ಹೆಸರು, ಮನೇಲಿ ಕರೆಯೋದು ಇನ್ನೊಂದು, ಆಳು ಒಬ್ಬನೇ. ಹಾಗೇ ಬದಲಾಗದ ಫೈಲು ಸೋಮವಾರದ ಸ್ನ್ಯಾಪ್‌ಶಾಟಲ್ಲೂ ಮಂಗಳವಾರದ್ದರಲ್ಲೂ ಕಾಣುತ್ತೆ, ಡಿಸ್ಕಲ್ಲಿರೋದು ಒಂದೇ. ಸೋಮವಾರದ್ದನ್ನು ಅಳಿಸಿದ್ರೂ ಮಂಗಳವಾರದ್ದಕ್ಕೆ ಏನೂ ಆಗಲ್ಲ. ಟೋನಿ ಜಾರ್ಜ್ ಬರೆದ ಟೈಮ್‌ಶಿಫ್ಟ್ ಈ ಎರಡನ್ನು ಸೇರಿಸಿ ಕೆಲಸ ಮಾಡುತ್ತೆ. (ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಇರೋರಿಗೆ ಬೇರೆ ದಾರಿಯೂ ಇದೆ, ಅದು ಇನ್ನೊಂದು ಕತೆ.)

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಆಮೇಲೆ ನಡೆದದ್ದು. ಲಿನಕ್ಸ್ ಮಿಂಟ್‌ನವರು ಅಪ್‌ಡೇಟುಗಳಿಗೆ 1ರಿಂದ 5ರವರೆಗೆ ಮಟ್ಟ ಗುರುತಿಸಿ, ಕರ್ನಲ್‌ನಂಥ ಅಪಾಯದವುಗಳ ವಿಷಯದಲ್ಲಿ ಹುಷಾರು ಅಂತಿದ್ರು. ಸಿಸ್ಟಮ್ ಕೆಡಬಾರದು ಅನ್ನೋ ಕಾಳಜಿ ಸರಿಯೇ. ಆದರೆ ಭದ್ರತೆಯ ತೂತಿಗೆ ಹಾಕೋ ತೇಪೆಯೂ ಅದೇ ಕರ್ನಲ್ ಅಪ್‌ಡೇಟಲ್ಲಿ ಇರುತ್ತಲ್ಲ! ಹೆದರಿ ಕೂತವರ ಮನೆ ಬಾಗಿಲು ತೆರೆದೇ ಇತ್ತು. 2018ರಲ್ಲಿ ಬಂದ ಮಿಂಟ್ 19 ಟೈಮ್‌ಶಿಫ್ಟನ್ನು ಮುಂದೆ ತಂದು, ಎಲ್ಲ ಅಪ್‌ಡೇಟೂ ಹಾಕ್ಕೊಳ್ಳಿ, ಕೆಟ್ಟರೆ ಹಿಂದಕ್ಕೆ ಹೋಗಬಹುದು ಅಂದಿತು.

ಒಂದು ಮಾತು ಬಹಳ ಜನರಿಗೆ ಗೊತ್ತಿರಲ್ಲ. ಟೈಮ್‌ಶಿಫ್ಟ್ ತಾನಾಗಿ ಹೋಮ್ ಫೋಲ್ಡರ್ ಮುಟ್ಟಲ್ಲ. ಬೇಕಂತಲೇ ಹಾಗೆ ಮಾಡಿದ್ದು, ಇಲ್ಲಾಂದ್ರೆ ಸಿಸ್ಟಮ್ ಜೊತೆ ಇವತ್ತು ಬರೆದದ್ದೂ ನಿನ್ನೆಗೆ ಹೋಗಿಬಿಡುತ್ತೆ. ಹಾಗಾಗಿ ಫೋಟೊ, ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಾವೇ ಕಾಪಿ ಮಾಡ್ಕೋಬೇಕು. ಅದಕ್ಕೂ ಆರ್‌ಸಿಂಕ್ ಸಾಕು.