ಬೀದಿದೀಪದ ಬಿಲ್ಲಿನಲ್ಲಿ ಅಡಗಿದ್ದ ಇಂಗಾಲದ ಬೆಲೆ

ಔರಾದ್ ತಾಲ್ಲೂಕಿನ ಯಾವ ಗ್ರಾಮ ಪಂಚಾಯತಿಯ ಜಮಾ-ಖರ್ಚಿನ ಪುಸ್ತಕ ತೆರೆದರೂ ಒಂದು ಬಾಬತ್ತು ತಪ್ಪದೆ ಕಾಣುತ್ತದೆ: ಬೀದಿದೀಪ ಮತ್ತು ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಿಲ್ಲು. ಭಾಲ್ಕಿಯ ಪುರಸಭೆಗೂ ಬೀದರ್ ನಗರಾಡಳಿತಕ್ಕೂ ಈ ಬಿಲ್ಲಿನಿಂದ ಬಿಡುಗಡೆಯಿಲ್ಲ. ಬಿಲ್ಲು ಕೊಡುವುದು ಜೆಸ್ಕಾಂ. ವಿದ್ಯುತ್ತು ಎಲ್ಲಿಂದ ಬರುತ್ತದೆ? ಜಾಲಕ್ಕೆ ಸೇರಿದ ವಿದ್ಯುತ್ತಿಗೆ ಊರಿನ ಹೆಸರು ಇರುವುದಿಲ್ಲ. ಆದರೆ 1985ರಲ್ಲಿ ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರದ ಮೊದಲ ಘಟಕ ಆರಂಭವಾದಂದಿನಿಂದ ನಮ್ಮ ಭಾಗದ ದೀಪಗಳ ಹಿಂದೆ ಕಲ್ಲಿದ್ದಲು ಇದೆ ಎನ್ನುವುದರಲ್ಲಿ ಅನುಮಾನವಿಲ್ಲ. ಬೀದರ್‌ನಲ್ಲಿ ದೀಪ ಉರಿಯುತ್ತದೆ, ಹೊಗೆ ಕೃಷ್ಣಾ ತೀರದಲ್ಲಿ ಏಳುತ್ತದೆ.

ಈ ಬಿಲ್ಲಿನೊಳಗೆ 2010ರಿಂದ 2025ರವರೆಗೆ ಇಂಗಾಲದ ಬೆಲೆಯೊಂದು ಅಡಗಿತ್ತು. ಅದರ ಹೆಸರು ಬಿಲ್ಲಿನ ಮೇಲೆ ಇರಲಿಲ್ಲವಾದ್ದರಿಂದ ಯಾವ ಪಂಚಾಯತಿಯೂ ಅದನ್ನು ಸ್ವಾಗತಿಸಲಿಲ್ಲ, ವಿರೋಧಿಸಲೂ ಇಲ್ಲ. ಆ ಹದಿನೈದು ವರ್ಷಗಳ ಕಥೆ ನಮ್ಮ ಪಾಠಗಳಲ್ಲಿ ಬಾರದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಇಂಗಾಲದ ಡೈಆಕ್ಸೈಡ್ ಅನಿಲವು ಶಾಖವನ್ನು ಹೀರಿಕೊಳ್ಳುತ್ತದೆಂದು ಜಾನ್ ಟಿಂಡಲ್ 1859ರಲ್ಲಿ ಪ್ರಯೋಗದಿಂದ ತೋರಿಸಿದ. ಅದು ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವಾಂತೆ ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದ. ಅರ್ಥಶಾಸ್ತ್ರದ ತುಂಡು ಬಂದದ್ದು ಆಮೇಲೆ. ಒಬ್ಬನ ಕೆಲಸದಿಂದ ಇನ್ನೊಬ್ಬನಿಗೆ ಆಗುವ ಹಾನಿ ಸರಕಿನ ಬೆಲೆಯಲ್ಲಿ ಸೇರದಿದ್ದರೆ ತೆರಿಗೆಯ ಮೂಲಕ ಅದನ್ನು ಸೇರಿಸಬೇಕೆಂದು ಆರ್ಥರ್ ಪಿಗೂ 1920ರಲ್ಲಿ ವಾದಿಸಿದ. ಎರಡು ಎಳೆಗಳೂ ಕೂಡಿಕೊಳ್ಳಲು ಎಪ್ಪತ್ತು ವರ್ಷ ಬೇಕಾಯಿತು. 1990ರಲ್ಲಿ ಫಿನ್ಲೆಂಡ್ ಮೊದಲ ಇಂಗಾಲ ತೆರಿಗೆಯನ್ನು ಹಾಕಿತು.

ನಮ್ಮಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು. 2010ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ, ಅದೇ ಜುಲೈ 1ರಿಂದ ಪ್ರತಿ ಟನ್ ಕಲ್ಲಿದ್ದಲಿಗೆ 50 ರೂಪಾಯಿಗಳ ಶುದ್ಧ ಇಂಧನ ಸೆಸ್ ಜಾರಿಯಾಯಿತು. ದೇಶದ್ದಾಗಲಿ ಆಮದಾದದ್ದಾಗಲಿ, ಎಲ್ಲ ಕಲ್ಲಿದ್ದಲಿಗೂ ಇದು ಅನ್ವಯಿಸುತ್ತಿತ್ತು. 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗಳಿಗೆ ಏರಿತು. 2016ರಲ್ಲೇ 'ಶುದ್ಧ ಪರಿಸರ ಸೆಸ್' ಎಂದು ಹೆಸರು ಬದಲಾಯಿತು.

ಇದು ನಿಜವಾಗಿ ಇಂಗಾಲದ ಬೆಲೆಯೇ? ಲೆಕ್ಕ ಮಾಡಿ ನೋಡೋಣ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ಇಂಗಾಲ ಸುಮಾರು ಶೇಕಡ 40 ಎಂದಿಟ್ಟುಕೊಳ್ಳಿ. 12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್. ಆದ್ದರಿಂದ ಒಂದು ಟನ್ ಕಲ್ಲಿದ್ದಲಿನಿಂದ ಸುಮಾರು 1.47 ಟನ್ ಅನಿಲ. 400 ರೂಪಾಯಿಗಳನ್ನು ಇದರಿಂದ ಭಾಗಿಸಿದರೆ ಟನ್ ಅನಿಲಕ್ಕೆ ಸುಮಾರು 270 ರೂಪಾಯಿ ಬರುತ್ತದೆ. ಇನ್ನು ದೀಪದ ಕಡೆಯಿಂದ ನೋಡಿ. ಒಂದು ಕಿಲೋಗ್ರಾಂ ಇಂಥ ಕಲ್ಲಿದ್ದಲಿನ ಶಾಖ ಸುಮಾರು 15.5 ಮೆಗಾಜೌಲ್, ಸ್ಥಾವರದ ದಕ್ಷತೆ ಮೂರನೆಯ ಒಂದು ಪಾಲು. ಹಾಗಾದರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಅದರ ಮೇಲಿನ ಸೆಸ್ 28 ಪೈಸೆ. ಹೊರಬರುವ ಅನಿಲವಂತೂ ಒಂದು ಕಿಲೋಗ್ರಾಂ. ಯೂನಿಟ್ಟಿಗೊಂದು ಕಿಲೋ ಎಂದು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳುವುದು ಸುಲಭ.

ಹಲವು ವರ್ಷಗಳ ಹಿಂದೆ ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಈ ಲೆಕ್ಕದ ಸಮೇತ ಒಂದು ಹಳ್ಳಿಗೆ ಕಳಿಸಿದ್ದೆ. ಬೀದಿದೀಪ ಎಣಿಸಿ ಬನ್ನಿ ಎಂದಷ್ಟೇ ಹೇಳಿದ್ದು. ಹಳೆಯ ಟ್ಯೂಬ್‌ಲೈಟು ಚೋಕ್ ಸಮೇತ ಸುಮಾರು 55 ವಾಟ್ ಎಳೆಯುತ್ತದೆ. ರಾತ್ರಿ 12 ಗಂಟೆಯಂತೆ ವರ್ಷಕ್ಕೆ 241 ಯೂನಿಟ್. ಅಂಥ ನೂರು ದೀಪಗಳಿದ್ದರೆ 24,000 ಯೂನಿಟ್ಟಿಗೂ ಸ್ವಲ್ಪ ಹೆಚ್ಚು. ಅಷ್ಟೂ ಕಲ್ಲಿದ್ದಲಿನದೇ ಆದರೆ 24 ಟನ್ ಅನಿಲ, 400 ರೂಪಾಯಿ ದರದಲ್ಲಿ ಸೆಸ್ ಸುಮಾರು 6,700 ರೂಪಾಯಿ. ಬದಲಿಗೆ 20 ವಾಟ್‌ನ ಎಲ್‌ಇಡಿ ಹಾಕಿದರೆ ಸೆಸ್ 2,450ಕ್ಕೆ ಇಳಿಯುತ್ತದೆ, ಬಿಲ್ಲಂತೂ ಇಳಿದೇ ಇಳಿಯುತ್ತದೆ. ಹುಡುಗರು ತಂದ ಸುದ್ದಿ ಬೇರೆಯೇ ಇತ್ತು. ಹಲವು ಕಂಬಗಳಿಗೆ ಸ್ವಿಚ್ಚೇ ಇರಲಿಲ್ಲ, ದೀಪಗಳು ಹಗಲೂ ಉರಿಯುತ್ತಿದ್ದವು. ನಮ್ಮ 12 ಗಂಟೆಯ ಲೆಕ್ಕ ಅಲ್ಲಿಗೆ 24 ಗಂಟೆಯದಾಯಿತು. ಅಲ್ಲಿಯ ಸದಸ್ಯರೊಬ್ಬರು ನಗುತ್ತಾ ಕೇಳಿದರಂತೆ: "ಬಿಲ್ಲೇ ಬಾಕಿ ಅದ. ನಿಮ್ಮ ಇಂಗಾಲದ ಬೆಲೆ ಯಾರಿಗಿ ತಟ್ತದ್ರಿ?"

ಆ ಪ್ರಶ್ನೆಯನ್ನು ನಾನು ಇಂದಿಗೂ ತರಗತಿಯಲ್ಲಿ ಹೇಳುತ್ತೇನೆ. ಕೊಡುವವನಿಗೆ ಕಾಣದ, ಕಡಿಮೆ ಮಾಡಿದರೆ ಲಾಭ ಕೈಗೆ ಬಾರದ ಬೆಲೆ ಉತ್ಸರ್ಜನೆಯನ್ನು ತಗ್ಗಿಸುವುದು ಕಷ್ಟ. ಆ ಹಣ ಹೋದದ್ದೆಲ್ಲಿಗೆ ಎಂದು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2010-11ರಿಂದ 2017-18ರವರೆಗೆ ಸಂಗ್ರಹವಾದ ಸೆಸ್ ಸುಮಾರು 86,440 ಕೋಟಿ ರೂಪಾಯಿ. ಇದಕ್ಕೆಂದೇ ಸ್ಥಾಪಿಸಿದ ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ವರ್ಗವಾದದ್ದು ಸುಮಾರು 29,645 ಕೋಟಿ. ಯೋಜನೆಗಳಿಗೆ ಬಳಕೆಯಾದದ್ದು 15,911 ಕೋಟಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಗಿ, ಅದೇ 400 ರೂಪಾಯಿ ಪರಿಹಾರ ಸೆಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಅದರ ಉದ್ದೇಶ ರಾಜ್ಯಗಳ ವರಮಾನ ನಷ್ಟವನ್ನು ತುಂಬುವುದು. ಅಂದರೆ ಬೆಲೆ ಉಳಿಯಿತು, ಪರಿಸರದ ಉದ್ದೇಶ ಕಳಚಿಬಿತ್ತು.

ಇದೇ ಅವಧಿಯ ಆಸುಪಾಸಿನಲ್ಲಿ ಕರ್ನಾಟಕದ ಎರಡು ಕಡೆ ಇಂಗಾಲದ ಲೆಕ್ಕ ಹಳ್ಳಿಯನ್ನು ಮುಟ್ಟಿತ್ತು. ಕ್ಯೋಟೋ ಒಪ್ಪಂದ ಜಾರಿಗೆ ಬಂದ 2005ರಲ್ಲೇ ಬಾಗೇಪಲ್ಲಿ ಸೀಮೆಯ ಕೂಲಿ ಸಂಘದ ಜೈವಿಕ ಅನಿಲ ಯೋಜನೆ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. 5,500 ಮನೆಗಳಿಗೆ ತಲಾ 2 ಘನಮೀಟರಿನ ಸ್ಥಾವರ. ಸೌದೆ, ಸೀಮೆಎಣ್ಣೆಯ ಬದಲು ಸಗಣಿ ಅನಿಲ. ತಪ್ಪಿದ ಉತ್ಸರ್ಜನೆಯ ಬೆಲೆ ಒಲೆಯ ಮುಂದೆ ಕುಳಿತ ಹೆಣ್ಣುಮಗಳಿಗೆ ಹೊಗೆಯಿಲ್ಲದ ಅಡುಗೆಮನೆಯಾಗಿ ಬಂತು. ಆದರೆ ಅದನ್ನು ನಡೆಸಿದ್ದು ಸಂಘ, ಪಂಚಾಯತಿಯಲ್ಲ.

ಪಂಚಾಯತಿಯೇ ಮುಂದೆ ನಿಂತದ್ದು ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ. ಗ್ರಾಮೀಣ ಭಾರತಕ್ಕೆ ಜೈವಿಕ ಇಂಧನ ಎಂಬ ಯೋಜನೆಯಡಿ, ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ 500 ಕಿಲೋವಾಟ್‌ನ ಸೌದೆ ಅನಿಲೀಕರಣ ಸ್ಥಾವರ ನಿಂತು, 2007ರಲ್ಲಿ ಜಾಲಕ್ಕೆ ವಿದ್ಯುತ್ ಕೊಟ್ಟಿತು. ಗ್ರಾಮ ಪಂಚಾಯತಿಯೊಂದು ಬೆಸ್ಕಾಂಗೆ ವಿದ್ಯುತ್ ಮಾರಿದ್ದು ನಮ್ಮ ನಾಡಿನ ಪಂಚಾಯತ್ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ದರ ಯೂನಿಟ್ಟಿಗೆ 2.85 ರೂಪಾಯಿ. ಬೆಳೆಸಿ ಕಡಿದು ಒಣಗಿಸಿದ ಸೌದೆಗೆ, ಕೂಲಿಗೆ, ದುರಸ್ತಿಗೆ ಅದು ಸಾಲುವುದು ಕಷ್ಟವಾಯಿತು. ಸ್ಥಾವರ ನಿರಂತರವಾಗಿ ನಡೆಯಲಿಲ್ಲ. ತಂತ್ರಜ್ಞಾನ ಸೋತಿತೆಂದು ಹೇಳುವವರಿದ್ದಾರೆ. ನನ್ನ ಓದು ಬೇರೆ. ಕಬ್ಬಿಗೆರೆಯ ವಿದ್ಯುತ್ತು ಪೈಪೋಟಿಗೆ ಇಳಿದದ್ದು ಇಂಗಾಲದ ಹಾನಿಯನ್ನು ಲೆಕ್ಕಕ್ಕೇ ಹಿಡಿಯದ ಕಲ್ಲಿದ್ದಲಿನ ವಿದ್ಯುತ್ತಿನೊಡನೆ. 2010ರಲ್ಲಿ 50 ರೂಪಾಯಿ ಸೆಸ್ ಬಂದಾಗಲೂ ಅದರ ನೆರವು ಯೂನಿಟ್ಟಿಗೆ ಮೂರೂವರೆ ಪೈಸೆ. 28 ಪೈಸೆಯೂ ಸಾಕಾಗುತ್ತಿತ್ತೆಂದು ಹೇಳಲಾರೆ, ಆದರೆ ದರದ ಹತ್ತನೆಯ ಒಂದು ಪಾಲು ನಿರ್ಲಕ್ಷಿಸುವಂಥದ್ದಲ್ಲ.

ಹಾಗಾದರೆ ಪಂಚಾಯತಿಗಳೋ ರಾಜ್ಯವೋ ತಾವೇ ಇಂಥ ಬೆಲೆ ಹಾಕಬಾರದೇಕೆ? ಬೀದರ್ ಜಿಲ್ಲೆಯವರಿಗೆ ಈ ಪ್ರಶ್ನೆಯ ಉತ್ತರ ನಕ್ಷೆಯಲ್ಲೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಉದಗೀರ, ನಿಲಂಗಾ, ಅಹಮದ್‌ಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಬೀದರ್ ಜಿಲ್ಲೆಯವೇ. ಇಂದು ಅವು ಮಹಾರಾಷ್ಟ್ರದಲ್ಲೋ ತೆಲಂಗಾಣದಲ್ಲೋ ಇವೆ, ಸಂತೆ ಮತ್ತು ಸಂಬಂಧ ಮಾತ್ರ ಗಡಿ ನೋಡುವುದಿಲ್ಲ. ಡೀಸೆಲ್ ಈಗಲೂ ಜಿಎಸ್‌ಟಿಯ ಹೊರಗಿದೆ. ರಾಜ್ಯ ರಾಜ್ಯಕ್ಕೂ ಮಾರಾಟ ತೆರಿಗೆ ಬೇರೆ. ಎಲ್ಲಿ ಅಗ್ಗವೋ ಅಲ್ಲಿ ಲಾರಿಯವನು ಟ್ಯಾಂಕು ತುಂಬಿಸುತ್ತಾನೆ. ಕರ್ನಾಟಕವೊಂದೇ ಇಂಗಾಲ ತೆರಿಗೆ ಹಾಕಿದರೆ ಭಾಲ್ಕಿಯ ಲಾರಿ ಉದಗೀರದಲ್ಲಿ, ಔರಾದ್‌ನ ಲಾರಿ ದೇಗಲೂರಿನಲ್ಲಿ ಡೀಸೆಲ್ ಹಾಕಿಸೀತು. ಹೊಗೆ ಅಷ್ಟೇ ಇರುತ್ತದೆ, ವರಮಾನ ಮಾತ್ರ ಗಡಿ ದಾಟುತ್ತದೆ. ಗಡಿಯಿಂದ ದೂರವಿರುವ ಊರುಗಳು ರಾಷ್ಟ್ರೀಯ ಬೆಲೆಯನ್ನು ತತ್ತ್ವಕ್ಕಾಗಿ ಒಪ್ಪಬಹುದು, ನಮಗೆ ಅದು ವ್ಯವಹಾರದ ಅಗತ್ಯ.

ಸ್ಥಳೀಯ ಸಂಸ್ಥೆಗಳನ್ನು ಜೊತೆಗೆ ಕರೆದೊಯ್ದ ಒಂದು ಉದಾಹರಣೆ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿದೆ. 2008ರ ಜುಲೈಯಲ್ಲಿ ಅಲ್ಲಿ ಟನ್ನಿಗೆ 10 ಡಾಲರಿನ ಇಂಗಾಲ ತೆರಿಗೆ ಆರಂಭವಾಯಿತು. ಅದಕ್ಕೂ ಮೊದಲು, 2007ರಲ್ಲಿ, ಹವಾಗುಣ ಸನ್ನದೊಂದು ಸಿದ್ಧವಾಗಿತ್ತು. ಅದಕ್ಕೆ ಸಹಿ ಹಾಕಿ, ತನ್ನ ಉತ್ಸರ್ಜನೆಯ ಲೆಕ್ಕವನ್ನು ಪ್ರತಿ ವರ್ಷ ಜನರ ಮುಂದಿಡುವ ಪುರಸಭೆಗೆ ಅದು ಕಟ್ಟಿದ ಇಂಗಾಲ ತೆರಿಗೆಯಷ್ಟು ಹಣ ವಾಪಸಾಗುತ್ತಿತ್ತು. ಪ್ರಾಂತ್ಯದ ಹೆಚ್ಚುಕಡಿಮೆ ಎಲ್ಲ ಸ್ಥಳೀಯ ಸಂಸ್ಥೆಗಳೂ ಸಹಿ ಹಾಕಿದವು. ಜಾಣತನ ಇರುವುದು ಇಲ್ಲಿ: ತೆರಿಗೆಯ ದರ ಹಾಗೇ ಇದ್ದುದರಿಂದ ಉಳಿತಾಯದ ಆಸೆ ಕುಗ್ಗಲಿಲ್ಲ, ಹಣ ಹಿಂದಿರುಗಿದ್ದರಿಂದ ಪುರಸಭೆ ಬಡವಾಗಲಿಲ್ಲ. ಆ ಮರುಪಾವತಿ 2021ರಲ್ಲಿ ನಿಂತಿತು. 2025ರ ಏಪ್ರಿಲ್ 1ರಂದು ಗ್ರಾಹಕರ ಮೇಲಿನ ತೆರಿಗೆಯೇ ರದ್ದಾಯಿತು. ಜನಬೆಂಬಲ ಇಲ್ಲದೆ ಒಳ್ಳೆಯ ಏರ್ಪಾಡೂ ಉಳಿಯದೆಂಬುದಕ್ಕೂ ಅದೇ ಪ್ರಾಂತ್ಯ ಸಾಕ್ಷಿ.

ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಂದು ಕಲ್ಲಿದ್ದಲಿನ ಮೇಲಿನ 400 ರೂಪಾಯಿ ಸೆಸ್ ಕೊನೆಗೊಂಡಿತು. ಬದಲಿಗೆ ಜಿಎಸ್‌ಟಿ ಶೇಕಡ 5ರಿಂದ 18ಕ್ಕೆ ಏರಿತು. ತೂಕದ ಮೇಲಿದ್ದ ತೆರಿಗೆ ಕ್ರಯದ ಮೇಲಿನ ತೆರಿಗೆಯಾಯಿತು. ಅಗ್ಗದ, ಬೂದಿ ತುಂಬಿದ ಕಲ್ಲಿದ್ದಲಿಗೆ ಇದು ಹಗುರ. ಇನ್ನೊಂದೆಡೆ, 2022ರ ತಿದ್ದುಪಡಿ ಕಾಯ್ದೆಯ ಬಲದಿಂದ 2023ರ ಜೂನ್‌ನಲ್ಲಿ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟವಾಗಿ, 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಉದ್ಯಮಗಳಿಗೆ ಉತ್ಸರ್ಜನೆಯ ಗುರಿ ನಿಗದಿಯಾಯಿತು. ನೆರೆಯ ಕಲಬುರಗಿ ಜಿಲ್ಲೆ ಸಿಮೆಂಟಿನ ಸೀಮೆ, ಆದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ಸುದ್ದಿಯಲ್ಲ. ಆ ಗುರಿಗಳ ಪಟ್ಟಿಯಲ್ಲಿ ಉಷ್ಣ ವಿದ್ಯುತ್ತು ಮಾತ್ರ ಇರಲಿಲ್ಲ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗೆ ವಹಿಸಬಹುದಾದ 29 ವಿಷಯಗಳಿವೆ. ಇಂಧನ ಮತ್ತು ಮೇವು, ಗ್ರಾಮೀಣ ವಿದ್ಯುದೀಕರಣ, ಅಸಾಂಪ್ರದಾಯಿಕ ಶಕ್ತಿಮೂಲಗಳು ಅವುಗಳಲ್ಲಿ ಸೇರಿವೆ. ಹನ್ನೆರಡನೆಯದರಲ್ಲಿ ಪಟ್ಟಣಗಳಿಗೆ ಪರಿಸರ ರಕ್ಷಣೆಯೂ ಬೀದಿದೀಪವೂ ಇವೆ. ಕೇಂದ್ರ ಕಾನೂನಿನಡಿ ವಸೂಲಾದ ಹಣದಲ್ಲಿ ಸ್ಥಳೀಯರಿಗೆ ಪಾಲು ಕೊಡುವುದೂ ಹೊಸತಲ್ಲ. 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ಹಳೆಯ ಗುತ್ತಿಗೆಗಳಲ್ಲಿ ರಾಜಧನದ ಶೇಕಡ 30ರಷ್ಟು, ಹೊಸ ಗುತ್ತಿಗೆಗಳಲ್ಲಿ ಶೇಕಡ 10ರಷ್ಟು ಮೊತ್ತ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತದೆ. ಔರಾದ್‌ನ ಗ್ರಾಮಸಭೆಯೋ ಭಾಲ್ಕಿಯ ಪುರಸಭೆಯೋ ಇಂಗಾಲದ ಬೆಲೆಯನ್ನು ಬೆಂಬಲಿಸಿ ಠರಾವು ಮಾಡುವುದಾದರೆ ಅದರಲ್ಲಿ ಮೂರು ಮಾತು ಇರಲಿ ಎಂದು ನಾನು ಬಯಸುತ್ತೇನೆ: ಬೆಲೆ ದೇಶಕ್ಕೆಲ್ಲ ಒಂದೇ ಇರಲಿ, ವಿದ್ಯುತ್ ಬಿಲ್ಲಿನಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲಿರಲಿ, ಉತ್ಸರ್ಜನೆಯ ಲೆಕ್ಕ ಕೊಟ್ಟ ಸಂಸ್ಥೆಗೆ ಪಾಲು ಮರಳಲಿ. ಲೆಕ್ಕ ಕೊಡಲು ದೊಡ್ಡ ಉಪಕರಣ ಬೇಡ. ಕಂಬಗಳನ್ನು ಎಣಿಸಬೇಕು, ಮೀಟರ್ ಓದಬೇಕು, ಯೂನಿಟ್ಟಿಗೊಂದು ಕಿಲೋ ಎಂದು ಗುಣಿಸಬೇಕು. ಪ್ರೌಢಶಾಲೆಯ ಹತ್ತನೆಯ ತರಗತಿಯ ಮಕ್ಕಳು ಒಂದು ಶನಿವಾರದಲ್ಲಿ ಇದನ್ನು ಮಾಡಿ ಮುಗಿಸಬಲ್ಲರು. ಹಗಲು ಹೊತ್ತಿನಲ್ಲಿ ಹೋದರೆ ಸ್ವಿಚ್ಚಿಲ್ಲದ ದೀಪಗಳೂ ಎಣಿಕೆಗೆ ಸಿಗುತ್ತವೆ.